ಮೂರರಾಗ ಯಾವ್ದು ಬಿಡ್ಲಿ?

‘ಅಣ್ಣಾರ, ರಾತ್ರಿ ಕೆಲಸ, ಹಗಲು ಎಂ.ಎ., ರವಿವಾರ ಸಿನಿಮಾ. ಮೂರರಾಗ ಯಾವ್ದು ಬಿಡ್ಲಿ?’ ಕೇಶ್ವಾಪುರದ ಹುಡುಗನೊಬ್ಬನ ಪ್ರಶ್ನೆ. ಲಾಡ್ಜಿನಲ್ಲಿ ರಾತ್ರಿ ಡ್ಯೂಟಿ ಮುಗಿಸಿ, ಚಿಗರಿ ಬಸ್ಸಿನಲ್ಲಿ ತೂಕಡಿಸುತ್ತ ಧಾರವಾಡದ ಯೂನಿವರ್ಸಿಟಿಗೆ ಹೋಗುವವ. ಹಾಜರಾತಿ ಕಡಿಮೆಯಾದರೆ ಪರೀಕ್ಷೆಗೆ ಕುತ್ತು. ಕೆಲಸ ಬಿಟ್ಟರೆ ಫೀಸಿಗೆ ಕುತ್ತು. ಮನೆಯವರ ಕಣ್ಣೆಲ್ಲ ಪಾಪ, ಸಿನಿಮಾದ ಮೇಲೆ!

ಪಿಯುಸಿಗೇ ಕೈಮುಗಿದು ಬಂದವ ನಾನು. ಓದಿನ ಬಗ್ಗೆ ಉಪದೇಶ ಹೇಳಲಾರೆ. ಗಿರೀಶ ಕಾರ್ನಾಡರನ್ನ ನೋಡ್ರಿ. 1958ರಲ್ಲಿ ಧಾರವಾಡದ ಕರ್ನಾಟಕ ಕಾಲೇಜಿನಿಂದ ಬಿ.ಎ. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗಲೇ, 1961ರಲ್ಲಿ, ‘ಯಯಾತಿ’ ಅಚ್ಚಾಯಿತು. 1963ರಿಂದ ಮದರಾಸಿನ ಪ್ರಕಾಶನ ಸಂಸ್ಥೆಯೊಂದರಲ್ಲಿ ನೌಕರಿ, ಬಿಡುವಿನಲ್ಲಿ ಮದ್ರಾಸ್ ಪ್ಲೇಯರ್ಸ್ ನಾಟಕ. ಅಲ್ಲಿನ ಗೆಳೆಯರ ಜೊತೆಗೂಡಿ ಮಾಡಿದ 1970ರ ‘ಸಂಸ್ಕಾರ’, ದೇಶದ ಅತ್ಯುತ್ತಮ ಚಿತ್ರವೆನಿಸಿದ ಮೊದಲ ಕನ್ನಡ ಚಿತ್ರ! ಬಿಡುವು ದಂಡ ಆಗಲಿಲ್ಲ.

ಆದರೆ ತಮ್ಮಾ, ಅವರಿಗೆ ರೋಡ್ಸ್ ಸ್ಕಾಲರ್‌ಷಿಪ್ ಇತ್ತು, ನಿನಗಿರೋದು ರಾತ್ರಿಪಾಳಿ. ಅದಕ್ಕೆ ಮೂರೂ ಇರಲಿ, ಒಂದೇ ಚಿತ್ರವನ್ನ ಮೂರು ಸಲ ನೋಡೋದು ಬಿಡು. ಆ ಎರಡು ಆಟದ ಹೊತ್ತು ಮಲಗಿಬಿಡು. ಪರೀಕ್ಷೆ ಮುಗಿದ ದಿನದ ಟಿಕೀಟು ನನ್ನ ಲೆಕ್ಕಕ್ಕೆ!