ವಿಎಂನಲ್ಲಿ ನೆಟ್ ಹೋದ್ರೆ ಮೊದಲು ಡಿಲೀಟ್ ಬಟನ್‌ನಿಂದ ಕೈ ತೆಗೀರಿ

ಭಾಗ 1/3

ಲ್ಯಾಬ್ ಇಂಟರ್ನಲ್ಸ್ ಹತ್ರ ಬಂತು. ಕ್ಲಾಸ್ ಗ್ರೂಪಲ್ಲಿ ದಿನಕ್ಕೊಬ್ಬರಾದ್ರೂ ಕೇಳ್ತಿದ್ದೀರಿ: "ವಿಎಂ ಒಳಗೆ ನೆಟ್ ಬರ್ತಿಲ್ಲ, ಏನ್ ಮಾಡ್ಲಿ?" ಐದೇ ನಿಮಿಷದಲ್ಲಿ ಯಾರೋ ಉತ್ತರ ಹಾಕ್ತಾರೆ: "ಡಿಲೀಟ್ ಮಾಡಿ ಮತ್ತೆ ಇನ್‌ಸ್ಟಾಲ್ ಮಾಡು ಗುರು." ಆ ಉತ್ತರ ತಪ್ಪು. ಅದನ್ನ ನಂಬಿ ಕೆಟ್ಟವನು ನಾನೇ ಆಗಿರೋದ್ರಿಂದ ಧೈರ್ಯವಾಗಿ ಹೇಳ್ತಿದ್ದೀನಿ.

ಹೋದ ಸೆಮಿಸ್ಟರ್ ಮಾತು. ನನ್ನ ಮಿನಿ ಪ್ರಾಜೆಕ್ಟ್ ಜೊತೆಗಾತಿ ದಿನಾ ಹರಿಹರದಿಂದ ದಾವಣಗೆರೆಗೆ ರೈಲಲ್ಲಿ ಬರ್ತಾಳೆ. ಅವಳ ಹತ್ರ ಸ್ವಂತ ಲ್ಯಾಪ್‌ಟಾಪ್ ಇಲ್ಲ. ಹಾಗಾಗಿ ಇಬ್ಬರ ಕೋಡೂ ನನ್ನ ವರ್ಚುವಲ್‌ಬಾಕ್ಸ್ ಒಳಗಿನ ಉಬುಂಟುನಲ್ಲೇ ಇತ್ತು. ಡೆಮೋಗೆ ಇನ್ನೆರಡು ದಿನ ಇದೆ ಅನ್ನೋವಾಗ ಉಬುಂಟು ಒಳಗೆ ನೆಟ್ ನಿಂತುಹೋಯ್ತು. ಲ್ಯಾಪ್‌ಟಾಪ್‌ನಲ್ಲಿ ಬರ್ತಿತ್ತು, ಒಳಗೆ ಮಾತ್ರ ಇಲ್ಲ. ರಾತ್ರಿ ಹನ್ನೊಂದು ಗಂಟೆ. ತಲೆ ಕೆಟ್ಟು ರಿಮೂವ್ ಒತ್ತಿದೆ. "ರಿಮೂವ್ ಓನ್ಲಿ" ಬೇಕಾ, "ಡಿಲೀಟ್ ಆಲ್ ಫೈಲ್ಸ್" ಬೇಕಾ ಅಂತ ಕೇಳ್ತು. ಎರಡನೆಯದನ್ನ ಒತ್ತಿದೆ. ಅವಳ ಫೈಲುಗಳೂ ಅದರಲ್ಲೇ ಇವೆ ಅಂತ ನೆನಪಾಗಿದ್ದು ಆಮೇಲೆ.

ಬೆಳಿಗ್ಗೆ ಹೇಳಿದಾಗ ಅವಳು ಬೈಲಿಲ್ಲ. "ನೆಟ್ ಯಾಕೆ ಹೋಗಿತ್ತಂತೆ?" ಅಂತ ಒಂದೇ ಪ್ರಶ್ನೆ ಕೇಳಿದ್ಲು. ನನ್ನ ಹತ್ರ ಉತ್ತರ ಇರಲಿಲ್ಲ. ಕೋಡ್ ಹೋದದ್ದಕ್ಕಿಂತ ಅದು ಜಾಸ್ತಿ ನಾಚಿಕೆ ಆಯ್ತು ನೋಡಿ.

ಕಾರಣ ಆಮೇಲೆ ಗೊತ್ತಾಯ್ತು. ಹಿಂದಿನ ದಿನ ಯಾವುದೋ ವಿಡಿಯೋ ನೋಡಿ ನೆಟ್‌ವರ್ಕ್ ಸೆಟ್ಟಿಂಗನ್ನ "ನ್ಯಾಟ್"ನಿಂದ "ಹೋಸ್ಟ್ ಓನ್ಲಿ"ಗೆ ನಾನೇ ಬದಲಾಯಿಸಿದ್ದೆ. ಹೆಸರೇ ಹೇಳೋ ಹಾಗೆ ಅದರಲ್ಲಿ ವಿಎಂ ಮಾತಾಡೋದು ಲ್ಯಾಪ್‌ಟಾಪ್ ಜೊತೆ ಮಾತ್ರ, ಹೊರಗೆ ಹೋಗೋ ದಾರಿ ಇಲ್ಲ. ಏನೂ ಕೆಟ್ಟಿರಲಿಲ್ಲ. ಅದೇ ದಾರೀಲಿ ಅಷ್ಟೂ ಕೋಡನ್ನ ಲ್ಯಾಪ್‌ಟಾಪ್‌ಗೆ ಕಾಪಿ ಮಾಡ್ಕೋಬಹುದಿತ್ತು ಕೂಡ.

ಭಾಗ 2/3

ಹಾಗಾದ್ರೆ ಏನ್ ಮಾಡ್ಬೇಕು? ಹತ್ತು ನಿಮಿಷದ ಕೆಲಸ, ಸೇವ್ ಮಾಡಿಟ್ಕೊಳ್ಳಿ. ಊರಿನ ಲೆಕ್ಕದಲ್ಲೇ ಹೇಳ್ತೀನಿ.

ಮೊದಲು ಲ್ಯಾಪ್‌ಟಾಪ್‌ನಲ್ಲಿ ನೆಟ್ ಇದೆಯಾ ನೋಡಿ. ನಗಬೇಡಿ, ಹಾಟ್‌ಸ್ಪಾಟ್ ಡೇಟಾ ಮುಗಿದಿರೋದೂ ಉಂಟು.

ಎರಡನೆಯದು ವಿಳಾಸ. ಟರ್ಮಿನಲ್‌ನಲ್ಲಿ "ಐಪಿ ಎ" ಕೊಡಿ. ವರ್ಚುವಲ್‌ಬಾಕ್ಸ್‌ನ ನ್ಯಾಟ್‌ನಲ್ಲಿ ಸಾಮಾನ್ಯವಾಗಿ 10.0.2.15 ಕಾಣುತ್ತೆ. 192.168.56ರಿಂದ ಶುರುವಾಗಿದ್ರೆ ಅದು ಬಹುತೇಕ ಹೋಸ್ಟ್ ಓನ್ಲಿ, ನನ್ನ ಕಥೆ. ವಿಳಾಸವೇ ಇಲ್ಲ ಅಂದ್ರೆ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ "ಕೇಬಲ್ ಕನೆಕ್ಟೆಡ್" ಅನ್ನೋ ಟಿಕ್ ಇದೆಯಾ ನೋಡಿ.

ಮೂರನೆಯದು ದಾರಿ. "ಐಪಿ ರೂಟ್" ಕೊಟ್ಟಾಗ "ಡೀಫಾಲ್ಟ್" ಅಂತ ಶುರುವಾಗೋ ಸಾಲು ಇರಬೇಕು, ನ್ಯಾಟ್‌ನಲ್ಲಿ 10.0.2.2 ಕಡೆಗೆ. ಹರಿಹರದಿಂದ ರಾಣೆಬೆನ್ನೂರಿಗೆ ಹೋಗೋಕೆ ತುಂಗಭದ್ರಾ ಸೇತುವೆ ದಾಟಲೇಬೇಕಲ್ಲ? ಆ ಸಾಲು ಅಂದ್ರೆ ಸೇತುವೆ. ಅದಿಲ್ಲದಿದ್ರೆ ಊರೊಳಗೆ ಎಷ್ಟು ಬೇಕಾದ್ರೂ ಸುತ್ತಬಹುದು, ಹೊಳೆ ದಾಟೋಕಾಗಲ್ಲ.

ನಾಲ್ಕನೆಯದು ಹೆಸರು. "ಪಿಂಗ್ 8.8.8.8" ಕೊಡಿ. ಉತ್ತರ ಬಂದು, ವೆಬ್‌ಸೈಟ್ ಹೆಸರು ಕೊಟ್ಟಾಗ ಮಾತ್ರ ಬರದಿದ್ರೆ ದಾರಿ ಸರಿ ಇದೆ, ಹೆಸರು ಹುಡುಕಿಕೊಡೋ ಡಿಎನ್‌ಎಸ್ ಕೈ ಕೊಟ್ಟಿದೆ. ಪಿಬಿ ರೋಡಲ್ಲಿ ಆಟೋ ರೆಡಿ ನಿಂತಿದೆ, ಗೆಳೆಯನ ಮನೆ ಎಲ್ಲಿದೆ ಅಂತ ಡ್ರೈವರ್‌ಗೆ ಗೊತ್ತಿಲ್ಲ ಅನ್ನೋ ಹಾಗೆ. ದಾವಣಗೆರೆ-ಹರಿಹರ ಓಡಾಡೋರಿಗೆ ಇದು ಬರೋ ಸಾಧ್ಯತೆ ಜಾಸ್ತಿ: ಕಾಲೇಜು ವೈಫೈನಲ್ಲಿ ವಿಎಂ ಸೇವ್ ಮಾಡಿ ಮುಚ್ತೀರಿ, ಮನೇಲಿ ಹಾಟ್‌ಸ್ಪಾಟ್ ಹಾಕಿ ತೆರೀತೀರಿ, ಅದು ಇನ್ನೂ ಹಳೇ ಡಿಎನ್‌ಎಸ್ಸನ್ನೇ ಕೇಳ್ತಾ ಕೂತಿರುತ್ತೆ. ವಿಎಂ ಒಳಗೆ ನೆಟ್‌ವರ್ಕ್ ಒಮ್ಮೆ ಆಫ್ ಮಾಡಿ ಆನ್ ಮಾಡಿದ್ರೆ ಸಾಮಾನ್ಯವಾಗಿ ಸರಿಹೋಗುತ್ತೆ.

"ಬ್ರಿಜ್ಡ್" ಹಾಕಿದ್ರೆ ಇನ್ನೊಂದು ವಿಷಯ. ಆಗ ವಿಎಂ ಬೇರೆಯದೇ ಒಂದು ಯಂತ್ರದ ಹಾಗೆ ನೆಟ್‌ವರ್ಕ್‌ಗೆ ಹೋಗಿ ವಿಳಾಸ ಕೇಳುತ್ತೆ. ನೋಂದಾಯಿಸಿದ ಸಾಧನಗಳಿಗೆ ಮಾತ್ರ ಬಾಗಿಲು ತೆಗೆಯೋ ವೈಫೈ ಆದ್ರೆ ಅದು ಗೇಟಲ್ಲೇ ನಿಲ್ಲಬಹುದು. ನ್ಯಾಟ್‌ನಲ್ಲಿ ಹೊರಗಿನವರಿಗೆ ಕಾಣೋದು ಲ್ಯಾಪ್‌ಟಾಪ್ ಒಂದೇ. ಕಾರಣ ಇಲ್ಲದೆ ನ್ಯಾಟ್ ಬಿಡಬೇಡಿ.

ಭಾಗ 3/3

ಈಗ ನನ್ನ ವಾದ. "ರೀಇನ್‌ಸ್ಟಾಲ್ ಮಾಡಿದ್ರೆ ಸರಿಹೋಗುತ್ತಲ್ಲ, ತಲೆ ಯಾಕೆ ಕೆಡಿಸ್ಕೋಬೇಕು?" ಅಂತೀರಿ. ಒಪ್ತೀನಿ, ಎಷ್ಟೋ ಸಲ ಸರಿಹೋಗುತ್ತೆ. ಹೊಸ ವಿಎಂ ನ್ಯಾಟ್‌ನಲ್ಲೇ ಶುರುವಾಗೋದ್ರಿಂದ ನನಗೂ ಸರಿಹೋಯ್ತು. ಆದ್ರೆ ಒಂದು ಡ್ರಾಪ್‌ಡೌನ್ ಬದಲಾಯಿಸೋ ಕೆಲಸಕ್ಕೆ ಮನೆಯನ್ನೇ ಕೆಡವಿ ಕಟ್ಟಿದ ಹಾಗಾಯ್ತು. ಉಬುಂಟು 24.04 ಡೆಸ್ಕ್‌ಟಾಪ್ ಫೈಲೇ 5 ಜಿಬಿಗಿಂತ ಜಾಸ್ತಿ. ದಿನಕ್ಕೆ 1.5 ಜಿಬಿ ಪ್ಯಾಕ್ ಇರೋನಿಗೆ ಅದು ನಾಲ್ಕು ದಿನದ ಡೇಟಾ. ವೈಫೈ ಇರೋ ಮನೆಯವನು "ಮತ್ತೆ ಇನ್‌ಸ್ಟಾಲ್ ಮಾಡು" ಅಂತ ಸುಲಭವಾಗಿ ಹೇಳ್ತಾನೆ, ಕಷ್ಟ ಪಡೋದು ಹಾಟ್‌ಸ್ಪಾಟ್‌ನವನು.

ಇನ್ನೂ ದೊಡ್ಡ ನಷ್ಟ ಕಲಿಕೆಯದು. ವಿಳಾಸ, ಗೇಟ್‌ವೇ, ಡಿಎನ್‌ಎಸ್ ಅಂತ ನೆಟ್‌ವರ್ಕ್ಸ್ ಪೇಪರಿಗೆ ಬಾಯಿಪಾಠ ಮಾಡ್ತೀವಿ. ಅದೇ ಮೂರು ನಮ್ಮ ಕಣ್ಣೆದುರು ಕೆಟ್ಟು ನಿಂತಾಗ ಡಿಲೀಟ್ ಮಾಡಿ ಓಡ್ತೀವಿ. ನಾಳೆ ಕೆಲಸಕ್ಕೆ ಸೇರಿದ ಕಡೆ ಸರ್ವರ್‌ಗೆ ನೆಟ್ ಹೋದ್ರೆ ಅದನ್ನೂ ಡಿಲೀಟ್ ಮಾಡ್ತೀವಾ? ಅಲ್ಲಿ ಬೇರೆಯವರ ಡೇಟಾ ಇರುತ್ತೆ. ನನ್ನ ವಿಎಂನಲ್ಲೂ ಇತ್ತು.

ರೀಇನ್‌ಸ್ಟಾಲ್ ಮಾಡಲೇಬಾರದು ಅಂತಲ್ಲ. ನಾಲ್ಕೂ ಹೆಜ್ಜೆ ನೋಡಿ, ಆಮೇಲೂ ಆಗಲಿಲ್ಲ ಅಂದ್ರೆ ಮಾಡಿ. ಆದ್ರೆ ಮೊದಲು ಫೈಲ್ ಮೆನುವಿನಿಂದ ವಿಎಂ ಎಕ್ಸ್‌ಪೋರ್ಟ್ ಮಾಡಿ ಹೊರಗಿನ ಡ್ರೈವ್‌ನಲ್ಲಿ ಇಟ್ಕೊಳ್ಳಿ. ಸ್ನ್ಯಾಪ್‌ಶಾಟ್ ಇದೆ ಅಂತ ನಿಶ್ಚಿಂತೆ ಬೇಡ, ವಿಎಂ ಪೂರ್ತಿ ಅಳಿಸಿದ್ರೆ ಅದೂ ಜೊತೆಗೇ ಹೋಗುತ್ತೆ. ಗ್ರೂಪಲ್ಲಿ ಯಾರಾದ್ರೂ ಕೇಳಿದ್ರೆ "ಐಪಿ ಎ, ಐಪಿ ರೂಟ್ ಸ್ಕ್ರೀನ್‌ಶಾಟ್ ಹಾಕು" ಅನ್ನಿ. ಇಬ್ಬರೂ ಕಲೀತೀರಿ.

ಜೊತೆಗಾತಿ ಲ್ಯಾಬಲ್ಲಿ ಕೂತು ಎರಡು ದಿನದಲ್ಲಿ ತನ್ನ ಭಾಗ ಮತ್ತೆ ಬರೆದ್ಲು. ಎರಡೂ ದಿನ ಸಂಜೆಯ ರೈಲು ತಪ್ಪಿಸ್ಕೊಂಡು ಕತ್ತಲಾದ ಮೇಲೆ ಬಸ್ಸಲ್ಲಿ ಹರಿಹರಕ್ಕೆ ಹೋದ್ಲು. ಡೆಮೋ ಆಯ್ತು, ಮಾರ್ಕ್ಸೂ ಬಂತು. ನಾನು ಬೆಣ್ಣೆ ದೋಸೆ ಕೊಡಿಸಿ ಸಾರಿ ಕೇಳಿದೆ. ದೋಸೆ ತಿಂದು, "ಈ ಸಲ ಕೋಡ್ ಇರೋದು ನನ್ನ ಪೆನ್‌ಡ್ರೈವ್‌ನಲ್ಲಿ" ಅಂದ್ಲು. ಈಗಲೂ ಅಲ್ಲೇ ಇದೆ.

ನಿಮ್ಮ ವಿಎಂನಲ್ಲಿ ಯಾವ ಹೆಜ್ಜೆಯಲ್ಲಿ ನಿಂತಿದೆ ಅಂತ ಕಾಮೆಂಟ್ ಹಾಕಿ, ನೋಡೋಣ. ಡಿಲೀಟ್ ಮಾಡೋಕೆ ಮುಂಚೆ.

#ದಾವಣಗೆರೆ #ಹರಿಹರ #ಕನ್ನಡದಲ್ಲಿಟೆಕ್ #ಲ್ಯಾಬ್‌ಇಂಟರ್ನಲ್ಸ್