ಟೋಕಿಯೊ ದೂರವಾದ ಬಗೆ

ಹೆಲ್ಸಿಂಕಿಯಿಂದ ಟೋಕಿಯೊಗೆ ನೇರ ದೂರ ಸುಮಾರು 7,800 ಕಿಲೊಮೀಟರ್. 2022ರ ಫೆಬ್ರುವರಿವರೆಗೆ ಫಿನ್‌ಏರ್ ವಿಮಾನಕ್ಕೆ ಅದು ಒಂಬತ್ತೂವರೆ ಗಂಟೆಯ ಹಾದಿಯಾಗಿತ್ತು. ಆಮೇಲೆ ಹದಿಮೂರು ಗಂಟೆಯಾಯಿತು. ಉಕ್ರೇನ್ ಮೇಲಿನ ದಾಳಿಯ ಬೆನ್ನಲ್ಲೇ ಐರೋಪ್ಯ ಒಕ್ಕೂಟ ರಷ್ಯಾದ ವಿಮಾನಗಳಿಗೆ ತನ್ನ ವಾಯುಪ್ರದೇಶ ಮುಚ್ಚಿತು. ಮರುದಿನವೇ ರಷ್ಯಾ 36 ದೇಶಗಳ ವಿಮಾನಗಳಿಗೆ ಸೈಬೀರಿಯಾದ ಆಕಾಶಕ್ಕೆ ಬೀಗ ಹಾಕಿತು.

ಫಿನ್ಲೆಂಡಿಗೆ ಬಿದ್ದ ಪೆಟ್ಟು ಸಣ್ಣದಲ್ಲ. ಪೂರ್ವ ಏಷ್ಯಾಕ್ಕೆ ಹತ್ತಿರದ ಐರೋಪ್ಯ ನಿಲ್ದಾಣವೆಂಬ ಒಂದೇ ಬಲದ ಮೇಲೆ ಫಿನ್‌ಏರ್ ತನ್ನ ವಹಿವಾಟು ಕಟ್ಟಿಕೊಂಡಿತ್ತು. ಒಂದೇ ವಿಮಾನ 24 ಗಂಟೆಯೊಳಗೆ ಏಷ್ಯಾಕ್ಕೆ ಹೋಗಿ ಮರಳುತ್ತಿತ್ತು. ಆ ಲೆಕ್ಕಾಚಾರ ರಾತ್ರೋರಾತ್ರಿ ತಲೆಕೆಳಗಾಯಿತು. ಕೆಲವು ವಿಮಾನಗಳನ್ನು ಆಸ್ಟ್ರೇಲಿಯಾದ ಕ್ವಾಂಟಸ್‌ಗೆ ಬಾಡಿಗೆಗೆ ಕೊಡಬೇಕಾಯಿತು. ಟೋಕಿಯೊಗೆ ಹೋಗುವ ಕೆಲವು ವಿಮಾನಗಳು ಉತ್ತರ ಧ್ರುವವನ್ನು ಹಾದು, ಅಲಾಸ್ಕಾದ ಬದಿಯಿಂದ ಬೇರಿಂಗ್ ಜಲಸಂಧಿಗೆ ಇಳಿದು ಜಪಾನ್ ಸೇರುತ್ತವೆ. −47 ಡಿಗ್ರಿಗೆ ಹೆಪ್ಪುಗಟ್ಟುವ ಇಂಧನದ ಮೇಲೆ ಪೈಲಟ್‌ಗಳು ಕಣ್ಣಿಟ್ಟಿರಬೇಕು. ದಾರಿಯಲ್ಲಿ ಎಲ್ಲಾದರೂ ಹಿಮದ ನಡುವೆ ಇಳಿಯಬೇಕಾಗಿ ಬಂದರೆ ಹೊರಗೆ ಹೆಜ್ಜೆಯಿಡುವ ಸಿಬ್ಬಂದಿಗೆಂದು ಚಳಿ ತಡೆಯುವ ದಪ್ಪ ಉಡುಪುಗಳೂ ವಿಮಾನದಲ್ಲಿರುತ್ತವೆ. 1983ರಲ್ಲಿ, ಸೋವಿಯತ್ ಕಾಲದಲ್ಲಿ, ಇದೇ ಸಂಸ್ಥೆಯ ಡಿಸಿ-10 ವಿಮಾನ ಇದೇ ಧ್ರುವಮಾರ್ಗ ಹಿಡಿದಿತ್ತು. ನಾಲ್ಕು ದಶಕಗಳಲ್ಲಿ ಗಳಿಸಿದ್ದನ್ನು ಒಂದು ಆದೇಶ ಕಸಿದುಕೊಂಡಿತು.

ಪ್ರತಿ ದೇಶಕ್ಕೂ ತನ್ನ ಆಕಾಶದ ಮೇಲೆ ಪೂರ್ಣ ಸಾರ್ವಭೌಮತ್ವವಿದೆ ಎಂದು 1944ರ ಷಿಕಾಗೊ ಒಪ್ಪಂದ ಹೇಳುತ್ತದೆ. ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಅಪಾಯಕ್ಕಾಗಿ ಮುಚ್ಚುವುದು ಬೇರೆ, ಸೇಡಿಗಾಗಿ ಮುಚ್ಚುವುದು ಬೇರೆ. 2014ರ ಜುಲೈ 17ರಂದು ಪೂರ್ವ ಉಕ್ರೇನಿನಲ್ಲಿ ಮುಚ್ಚಲೇಬೇಕಿದ್ದ ಆಕಾಶ ತೆರೆದಿತ್ತು. ಆಮ್‌ಸ್ಟರ್‌ಡ್ಯಾಮ್‌ನಿಂದ ಕ್ವಾಲಾಲಂಪುರಕ್ಕೆ ಹೊರಟಿದ್ದ ಮಲೇಷ್ಯಾದ ಎಂಎಚ್17 ವಿಮಾನ ಕ್ಷಿಪಣಿಗೆ ತುತ್ತಾಗಿ 298 ಮಂದಿ ಸತ್ತರು. ಸೈಬೀರಿಯಾದ ಕಥೆ ತದ್ವಿರುದ್ಧ. ಯುರೋಪಿನ ವಿಮಾನಗಳಿಗೆ ನಿಷಿದ್ಧವಾದ ಮೇಲೂ ಅಲ್ಲಿ ಚೀನಾದ ವಿಮಾನಗಳು ಹಾರುತ್ತಲೇ ಇದ್ದವು. ಪ್ರಯಾಣಿಕರ ಸುರಕ್ಷತೆಯೇ ಕಾರಣವಾಗಿದ್ದರೆ ಬಾಲದ ಮೇಲಿನ ಬಾವುಟ ನೋಡಿ ಅನುಮತಿ ಕೊಡುವ ಅಗತ್ಯವಿರಲಿಲ್ಲ. ಯುದ್ಧ ಹೂಡಿದ ದೇಶದ ಮೇಲೆ ಯುರೋಪ್ ಒತ್ತಡ ಹೇರಿದ್ದು ನ್ಯಾಯವೇ. ಆದರೂ ಮೇಲೆ ಹಾದುಹೋಗುವ ಹಕ್ಕನ್ನು ಈ ಏಟು-ಎದಿರೇಟಿನಿಂದ ಹೊರಗಿಡಬೇಕಿತ್ತು. ಹೆಚ್ಚುವರಿ ಇಂಧನ ಸುಡುವುದು ಎಲ್ಲರ ಗಾಳಿಯಲ್ಲಿ. ಟಿಕೆಟ್‌ಗೆ ಹೆಚ್ಚು ತೆರುವವರು ಯುದ್ಧ ಹೂಡಿದವರಲ್ಲ.

ಭಾರತೀಯರಾದ ನಮಗೂ ಇದು ಹೊಸದಲ್ಲ. 2019ರಲ್ಲಿ ಪಾಕಿಸ್ತಾನ ದಾರಿ ಮುಚ್ಚಿದಾಗ ದೆಹಲಿಯಿಂದ ಇಸ್ತಾಂಬುಲ್‌ಗೆ ಹೋಗುವ ಇಂಡಿಗೊ ವಿಮಾನ ಇಂಧನಕ್ಕಾಗಿ ದೋಹಾದಲ್ಲಿ ಇಳಿಯಬೇಕಾಯಿತು. 2025ರ ಏಪ್ರಿಲ್‌ನಲ್ಲಿ ಎರಡೂ ದೇಶಗಳು ಪರಸ್ಪರರ ವಿಮಾನಗಳನ್ನು ತಡೆದವು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಏರ್ ಇಂಡಿಯಾ ದೆಹಲಿ–ವಾಷಿಂಗ್ಟನ್ ಸೇವೆಯನ್ನೇ ನಿಲ್ಲಿಸಿತು. ವಿಮಾನಗಳ ನವೀಕರಣದ ಜತೆಗೆ ಈ ಸುತ್ತುದಾರಿಯೂ ಅದು ಕೊಟ್ಟ ಕಾರಣ. ಹೆಚ್ಚೆಂದರೆ ಒಂದು ತಿಂಗಳಿಗೆಂದು ಹೊರಡಿಸಿದ ತಡೆ ಆದೇಶಗಳು ತಿಂಗಳು ತಿಂಗಳೂ ಮುಂದುವರಿದವು. ಹಾಗೆ ವಿಸ್ತರಿಸುವಾಗಲೆಲ್ಲ ಸುರಕ್ಷತೆಯ ಕಾರಣವನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮುಂದೆ ಬರೆದು ಒಪ್ಪಿಸಬೇಕೆಂಬ ನಿಯಮ ಬರಬೇಕು. ಅದನ್ನು ಮಂಡಿಸುವ ಮೊದಲ ದೇಶ ಭಾರತವೇ ಆಗಲಿ.