ಬನಾರಸೀದಾಸರು ತಪ್ಪಾಗಿ ಓದಿದ ಗ್ರಂಥ

17ನೆಯ ಶತಮಾನದ ಆರಂಭದ ಆಗ್ರಾ ನಗರ. ವ್ಯಾಪಾರಕ್ಕೆಂದು ಜೌನ್‌ಪುರದಿಂದ ಬಂದು, ತಂದ ಬಂಡವಾಳವನ್ನು ಕಳೆದುಕೊಂಡ ಯುವಕನೊಬ್ಬನು ಪೇಟೆಗೆ ಮುಖ ತೋರಿಸಲಾರದೆ ಮನೆಯಲ್ಲಿಯೇ ಕುಳಿತಿದ್ದಾನೆ. ಸಂಜೆಯಾದೊಡನೆ ಮಧುಮಾಲತಿ, ಮೃಗಾವತಿ ಎಂಬ ಎರಡು ಪ್ರೇಮಕಾವ್ಯಗಳನ್ನು ತೆರೆದು ರಾಗವಾಗಿ ಓದುತ್ತಾನೆ. ಕೇಳಲು ಹತ್ತಿಪ್ಪತ್ತು ಮಂದಿ ಬರುತ್ತಾರೆ. ಅವರಲ್ಲಿ ಕಚೋರಿ ಮಾರುವವನೂ ಒಬ್ಬ. ಯುವಕನಿಗೆ ಅವನ ಅಂಗಡಿಯಲ್ಲಿಯೇ ಊಟ, ಅದೂ ಸಾಲದಲ್ಲಿ. ಕೈಯಲ್ಲಿ ಕಾಸಿಲ್ಲವೆಂದು ಒಪ್ಪಿಕೊಂಡಾಗ, 20 ರೂಪಾಯಿಯವರೆಗೆ ತಿನ್ನಿ, ಚಿಂತೆ ಬೇಡ ಎಂದು ಅವನೇ ಧೈರ್ಯ ಹೇಳುತ್ತಾನೆ. ಆರೇಳು ತಿಂಗಳ ಅನಂತರ ಲೆಕ್ಕ ನೋಡಿದರೆ ಬಾಕಿ 14 ರೂಪಾಯಿ.

ಆ ಯುವಕರೇ ಮುಂದೆ ಜೈನ ಅಧ್ಯಾತ್ಮ ಕವಿಯೆಂದು ಹೆಸರಾದ ಬನಾರಸೀದಾಸರು. 1586ರಲ್ಲಿ ಜನಿಸಿದ ಅವರು 1641ರಲ್ಲಿ, ತಮ್ಮ 55ನೆಯ ವಯಸ್ಸಿನಲ್ಲಿ, ‘ಅರ್ಧಕಥಾನಕ’ ಎಂಬ ಆತ್ಮಕಥೆಯನ್ನು ಪದ್ಯದಲ್ಲಿ ಬರೆದರು. ಮನುಷ್ಯನ ಪೂರ್ಣಾಯುಷ್ಯ 110 ವರ್ಷವೆಂದು ಎಣಿಸಿ ಅರ್ಧ ಕಥೆ ಎಂದು ಹೆಸರಿಟ್ಟರು. ಹಿಂದಿನ ಕಾಲದ ಸಾಹಿತಿಯೊಬ್ಬರು ಏನನ್ನು, ಯಾರ ಜೊತೆ, ಹೇಗೆ ಓದಿದರು ಎಂಬುದನ್ನು ಇಷ್ಟು ನಿಸ್ಸಂಕೋಚವಾಗಿ ತಿಳಿಸುವ ಇನ್ನೊಂದು ಕೃತಿಯನ್ನು ನಾನು ಕಂಡಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ತಾವೇ ಒಂದು ಸಾವಿರ ಪದ್ಯಗಳ ಶೃಂಗಾರಪ್ರಧಾನ ಕಾವ್ಯವನ್ನು ರಚಿಸಿದ್ದರು. ಅದೆಲ್ಲವೂ ಸುಳ್ಳು ಎಂಬ ಪಶ್ಚಾತ್ತಾಪ ಹುಟ್ಟಿ, ಗೆಳೆಯರು ನೋಡುತ್ತಿರುವಂತೆಯೇ ಸೇತುವೆಯ ಮೇಲಿನಿಂದ ಗೋಮತಿ ನದಿಗೆ ಎಸೆದರು. ಆಗ್ರಾದ ಪ್ರೇಮಕಾವ್ಯ ವಾಚನ ನಡೆದದ್ದು ಅದಕ್ಕೂ ಅನಂತರ! ತಮ್ಮ ಕಾವ್ಯವನ್ನು ನೀರಿಗೆ ಹಾಕಿದವರು ಪರರ ಕಾವ್ಯವನ್ನು ಹಾಡುತ್ತ ಕುಳಿತರು. ಇದನ್ನೂ ಅವರು ಮುಚ್ಚಿಟ್ಟಿಲ್ಲ.

ಆದರೆ ಅವರ ಜೀವನವನ್ನು ಅಲ್ಲಾಡಿಸಿದ್ದು ಪ್ರೇಮಕಾವ್ಯವಲ್ಲ, ಸಮಯಸಾರ. 1623ರ ಸುಮಾರಿಗೆ ಪರಿಚಿತರೊಬ್ಬರು ಕುಂದಕುಂದಾಚಾರ್ಯರ ಈ ಗ್ರಂಥವನ್ನು ರಾಜಮಲ್ಲರ ದೇಶಭಾಷೆಯ ಟೀಕೆಯೊಡನೆ ಅವರ ಕೈಗಿತ್ತರು. ಬನಾರಸೀದಾಸರು ಪ್ರತಿದಿನವೂ ತಪ್ಪದೆ ಓದಿದರು. ಶಬ್ದಾರ್ಥವನ್ನು ಬಿಡಿಸಿ ನೋಡಿದರು. ಶುದ್ಧ ಆತ್ಮನು ಕರ್ಮಕ್ಕೆ ಕರ್ತನಲ್ಲ, ಕ್ರಿಯೆಯೆಲ್ಲ ಪುದ್ಗಲದ್ದು ಎಂಬ ನಿಶ್ಚಯನಯದ ಮಾತು ಅವರಿಗೆ ತಿಳಿಯಿತು, ಅಥವಾ ತಿಳಿಯಿತೆಂದು ಅನ್ನಿಸಿತು. ಜಪ, ಸಾಮಾಯಿಕ, ಪ್ರತಿಕ್ರಮಣ ಒಂದೊಂದಾಗಿ ಬಿಟ್ಟುಹೋದವು. ದೇವರಿಗೆ ಅರ್ಪಿಸಿದ ನೈವೇದ್ಯವನ್ನೇ ತಿನ್ನುವವರೆಗೆ ಸಂಗತಿ ಹೋಯಿತು. ಮೂವರು ಗೆಳೆಯರೊಡನೆ ಕೋಣೆಯಲ್ಲಿ ಬಟ್ಟೆ ಕಳಚಿ ಸುತ್ತುತ್ತ, ನಾವೀಗ ಮುನಿಗಳು, ನಮಗೆ ಪರಿಗ್ರಹವಿಲ್ಲ ಎಂದು ಆಟವಾಡಿದರು. ಕ್ರಿಯೆಯ ರುಚಿ ಹೋಗಿತ್ತು, ಆತ್ಮದ ಸ್ವಾದ ಸಿಕ್ಕಿರಲಿಲ್ಲ. ಈ ಅತಂತ್ರ ಸ್ಥಿತಿಗೆ ಅವರು ಒಂಟೆಯನ್ನು ತಂದು ಕೊಟ್ಟಿರುವ ಹೋಲಿಕೆಯನ್ನು ಈ ಅಂಕಣದಲ್ಲಿ ಬರೆಯಲು ನನಗೆ ಸಂಕೋಚ.

ಓದುತ್ತ ನನಗೆ ನಗು ಬಂದಿತು. ಮರುಕ್ಷಣವೇ ನನ್ನ ನೆನಪಾಯಿತು. ಸೇವೆಯಿಂದ ನಿವೃತ್ತನಾದ ಹೊಸದರಲ್ಲಿ ನಾನು ಸಮಯಸಾರದ ಕನ್ನಡ ಅನುವಾದವನ್ನು ಒಬ್ಬನೇ ಕುಳಿತು ಮೂರು ಬಾರಿ ಓದಿ ಮುಗಿಸಿದ್ದೆ. ಒಂದು ಅಷ್ಟಮಿಯ ಬೆಳಿಗ್ಗೆ, ಒಪ್ಪೊತ್ತಿನ ದಿನವೆಂದು ಗೊತ್ತಿದ್ದೂ, ತಿಂಡಿ ಕೇಳಿದೆ. ಆತ್ಮನಿಗೆ ಹಸಿವೂ ಇಲ್ಲ, ಉಪವಾಸವೂ ಇಲ್ಲ ಎಂದು ನನ್ನ ಶ್ರೀಮತಿಗೆ ಉಪದೇಶವನ್ನೂ ಮಾಡಿದೆ. ಆಕೆ ಪುಸ್ತಕ ಓದಿದವಳಲ್ಲ. “ಹಾಗಾದ್ರೆ ತಿಂಡಿ ಯಾರಿಗೆ ಬೇಕು ಅಂತೀರಿ?” ಎಂದಷ್ಟೇ ಕೇಳಿದಳು. ಮೂವತ್ತಕ್ಕೂ ಹೆಚ್ಚು ವರ್ಷ ತರಗತಿಯಲ್ಲಿ ಪ್ರಶ್ನೆ ಕೇಳಿದವನಿಗೆ ಅಂದು ಉತ್ತರ ಹೊಳೆಯಲಿಲ್ಲ.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಸ್ವಾಧ್ಯಾಯಕ್ಕೆ ಐದು ಅಂಗಗಳನ್ನು ಹೇಳಿದೆ: ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಓದುವುದು, ಸಂಶಯವನ್ನು ಕೇಳುವುದು, ಮನನ ಮಾಡುವುದು, ಶುದ್ಧವಾಗಿ ಪಠಿಸುವುದು, ಬಳಿಕ ಇತರರಿಗೆ ಹೇಳುವುದು. ಈ ಕ್ರಮವನ್ನು ನಾವು ಗಮನಿಸುವುದೇ ಇಲ್ಲ. ಕೇಳುವುದು ಎರಡನೆಯದು, ಹೇಳುವುದು ಕಡೆಯದು. ನಮ್ಮಲ್ಲಿ ನಡೆಯುತ್ತಿರುವುದಾದರೋ ಮೊದಲನೆಯದರಿಂದ ನೇರವಾಗಿ ಐದನೆಯದಕ್ಕೆ ನೆಗೆತ. ಬೆಳಿಗ್ಗೆ ಮೊಬೈಲಿನಲ್ಲಿ ಒಂದು ಗಾಹೆಯ ಅರ್ಥ ಬರುತ್ತದೆ. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಅದನ್ನು ಐದು ಗುಂಪುಗಳಿಗೆ ಕಳುಹಿಸಿಯಾಗಿರುತ್ತದೆ. ಪ್ರವಚನ ಮಂಟಪಗಳಲ್ಲಿಯೂ ಧ್ವನಿವರ್ಧಕ ಒಂದೇ ಕಡೆ ಇರುತ್ತದೆ. ಶ್ರಾವಕರು ಎದ್ದು ನಿಂತು ಸಂಶಯ ಕೇಳುವುದನ್ನು ನಾನು ನೋಡಿದ್ದು ಅಪರೂಪ; ಕೇಳಿದವರನ್ನು ಅವಿನಯಿ ಎಂಬಂತೆ ಸುತ್ತಲಿನವರು ದಿಟ್ಟಿಸಿದ್ದನ್ನು ಮಾತ್ರ ಹಲವು ಬಾರಿ ನೋಡಿದ್ದೇನೆ.

ಬನಾರಸೀದಾಸರ ಗೊಂದಲ ಹನ್ನೆರಡು ವರ್ಷ ನಡೆಯಿತು. 1635ರಲ್ಲಿ ಪಂಡಿತ ರೂಪಚಂದರು ಆಗ್ರಾಕ್ಕೆ ಬಂದು ಅಲ್ಲಿಯ ಒಂದು ಜಿನಮಂದಿರದಲ್ಲಿ ಇಳಿದುಕೊಂಡರು. ಊರಿನ ಅಧ್ಯಾತ್ಮಪ್ರಿಯರೆಲ್ಲ ಸೇರಿ ಅವರಿಂದ ಗೊಮ್ಮಟಸಾರವನ್ನು ಓದಿಸಿ ಕೇಳಿದರು. ಕನ್ನಡಿಗರಾದ ನಮಗೆ ಇಲ್ಲಿ ಮೈ ನವಿರೇಳಬೇಕು. ಗೊಮ್ಮಟಸಾರವು ಶ್ರವಣಬೆಳಗೊಳದಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ಚಾವುಂಡರಾಯನಿಗಾಗಿ 10ನೆಯ ಶತಮಾನದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಪ್ರಾಕೃತದಲ್ಲಿ ರಚಿಸಿದ ಗ್ರಂಥ. ಅದಕ್ಕೆ 1359ರಲ್ಲಿ ಕೇಶವವರ್ಣಿಗಳು ಕನ್ನಡದಲ್ಲಿ ವೃತ್ತಿ ಬರೆದರು. ಗಂಗರ ಸೇನಾಪತಿಗಾಗಿ ಹುಟ್ಟಿದ ಗ್ರಂಥವು ಸುಮಾರು ಆರೂವರೆ ಶತಮಾನಗಳ ಅನಂತರ ಮೊಗಲರ ರಾಜಧಾನಿಯಲ್ಲಿ ದಾರಿ ತಪ್ಪಿದ ಕವಿಯೊಬ್ಬರನ್ನು ನಿಲ್ಲಿಸಿತು.

ಗೊಮ್ಮಟಸಾರದಲ್ಲಿ ಜೀವವು ಏರುವ ಹದಿನಾಲ್ಕು ಗುಣಸ್ಥಾನಗಳ ವಿವರಣೆಯಿದೆ. ದೇಶವ್ರತಿಯಾದ ಶ್ರಾವಕನದು ಐದನೆಯದು. ಮುನಿಯದು ಅಲ್ಲಿಂದ ಮೇಲಿನದು. ಯಾವ ಮೆಟ್ಟಿಲಲ್ಲಿ ಇರುವೆವೋ ಆ ಮೆಟ್ಟಿಲಿಗೆ ತಕ್ಕ ಆಚರಣೆ ಇದ್ದೇ ಇರುತ್ತದೆ ಎಂದು ರೂಪಚಂದರು ಬಿಡಿಸಿ ಹೇಳಿದಾಗ ಬನಾರಸೀದಾಸರ ಕಣ್ಣು ತೆರೆಯಿತು. ಸಮಯಸಾರದಲ್ಲಿ ಸುಳ್ಳು ಇರಲಿಲ್ಲ. ಶಿಖರದ ಮಾತನ್ನು ಅಂಗಳದಲ್ಲಿ ನಿಂತವರು ತಮಗೆ ಅನ್ವಯಿಸಿಕೊಂಡಿದ್ದರು. ಒಂದೇ ನಯವನ್ನು ಹಿಡಿದು ಇನ್ನೊಂದನ್ನು ಬಿಟ್ಟ ಏಕಾಂತವದು.

ಈ ಕಾರಣಕ್ಕಾಗಿಯೇ, ಗೃಹಸ್ಥರು ಸಮಯಸಾರವನ್ನು ಮುಟ್ಟಲೇಬಾರದೆಂದು ಹೇಳುವ ಹಿರಿಯರಿದ್ದಾರೆ. ಅವರ ಕಾಳಜಿಯನ್ನು ಗೌರವಿಸುತ್ತಲೇ ನಾನು ಒಪ್ಪುವುದಿಲ್ಲ. ಬನಾರಸೀದಾಸರೂ ಹಾಗೆ ಮಾಡಲಿಲ್ಲ. ಸಂಶಯ ತೀರಿದ ಮರುವರ್ಷವೇ, 1636ರಲ್ಲಿ, ತಮ್ಮನ್ನು ದಾರಿ ತಪ್ಪಿಸಿತೆಂದು ಜನ ದೂರುತ್ತಿದ್ದ ಆ ಗ್ರಂಥವನ್ನೇ ಆಧರಿಸಿ ‘ಸಮಯಸಾರ ನಾಟಕ’ವನ್ನು ಬರೆದರು. ಐದನೆಯ ಅಂಗವಾದ ಧರ್ಮೋಪದೇಶಕ್ಕೆ ಅವರು ಬಂದದ್ದು ಹೀಗೆ, ಹದಿಮೂರು ವರ್ಷ ತಡವಾಗಿ. ಗ್ರಂಥವನ್ನು ಕಟ್ಟಿಡುವುದರಿಂದ ಅಜ್ಞಾನ ಹೋಗುವುದಿಲ್ಲ. ಕೇಳಲು ಒಬ್ಬರು ಬೇಕು, ಕೇಳುವ ಧೈರ್ಯ ಬೇಕು, ನಾನು ತಪ್ಪಾಗಿ ಓದಿದೆ ಎನ್ನುವ ನೇರವಂತಿಕೆ ಬೇಕು. ಮೂರನೆಯದು ವಿದ್ವಾಂಸರಲ್ಲಿ ಬಹಳ ಅಪರೂಪ.

ನಮ್ಮೂರ ಬಸದಿಯಲ್ಲಿ ಕಳೆದ ವರ್ಷದಿಂದ ಭಾನುವಾರದ ಪೂಜೆಯ ಬಳಿಕ ನಾವು ಏಳೆಂಟು ಮಂದಿ ಗೊಮ್ಮಟಸಾರದ ಜೀವಕಾಂಡವನ್ನು ಓದುತ್ತಿದ್ದೇವೆ. ದಿನಕ್ಕೆ ಎರಡೋ ಮೂರೋ ಗಾಹೆ. ಪ್ರಶ್ನೆ ಎದ್ದರೆ ಅಲ್ಲಿಗೇ ನಿಲ್ಲುತ್ತೇವೆ. ಶ್ರೀಮತಿಯೂ ಬರುತ್ತಾಳೆ. ಕಳೆದ ವಾರ ಹಿರಿಯ ತಾಯಿಯೊಬ್ಬರು, “ಮೇಷ್ಟ್ರೇ, ಮೇಲೆ ಹತ್ತಿದ ಜೀವ ಮತ್ತೆ ಕೆಳಗೆ ಜಾರುತ್ತೆ ಅಂತೀರಲ್ಲ, ಜಾರಿದ್ದು ಅದಕ್ಕೇ ಗೊತ್ತಾಗುತ್ತಾ?” ಎಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ. ಮುಂದಿನ ಭಾನುವಾರಕ್ಕೆ ಹುಡುಕಿಕೊಂಡು ಬರುವುದಾಗಿ ಹೇಳಿದ್ದೇನೆ.